ಅಮೀನಪ್ಪನ ತೊಗಲು

"ಮಣ್ಣಲ್ಲಿ ನನ್ ಮೇಲಿಂದು ಎಷ್ಟ್ ಬೇಕಾದ್ರೂ ಮಾಡ್ಕೊಳಿ ತಾಯಿ. ತೊಗಲು ಬಿಚ್ಚಿ ಒಳಗಿಂದು ಮಾತ್ರ ತೋರಿಸ್ಬ್ಯಾಡಿ," ಎಂದ ಅಮೀನಪ್ಪ.

ಆರ್‌ಪಿಸಿ ಲೇಔಟಿನ ಆ ಶಿಲ್ಪಕಲೆಯ ತರಗತಿಗೆ ಕವನಾ ಸೇರಿ ಇನ್ನೂ ಒಂದು ವಾರ. ಮನುಷ್ಯನ ಮೈಕಟ್ಟು ಕಲಿಯಲೆಂದು ಮೇಷ್ಟ್ರು ಅವಳೆದುರು ಕೂರಿಸಿದ್ದು ಸುಂಕದಕಟ್ಟೆಯ ಈ ಮುದಿ ಹಮಾಲಿಯನ್ನು. ಜೋತುಬಿದ್ದ ಎದೆ, ಮಡಿಕೆ ಬಿದ್ದ ಹೊಟ್ಟೆ, ಬೀಡಿ ಬೆವರು ಬೆರೆತ ವಾಸನೆ. ಇಂಥ ಮೈಯಿಂದ ಕಲಿಯುವುದೇನಿದೆ ಎಂದು ಅವಳಿಗೆ ಮೊದಲ ದಿನವೇ ಅಸಹ್ಯ ಹುಟ್ಟಿತ್ತು.

"ಯಾಕಂತೆ?"

"ದಾಯಾದಿಗಳು ಮಾಟ ಮಾಡ್ಸಿದ್ರು, ನನ್ ತೊಗಲು ಸುಲ್ದೋಗ್ಲಿ ಅಂತ. ನಮ್ಮವ್ವ ಮಂತ್ರವಾದಿ ಕೈಲಿ ಆ ಮಾಟಾನ ನನ್ ಮೈಯೊಳಗೇ ಕಟ್ಟಾಕ್ಸಿದ್ಲು. ಬಿಚ್ಚಿದೋರಿಗೇ ಸುತ್ಕೊಳತ್ತೆ."

ಕವನಾ ನಕ್ಕುಬಿಟ್ಟಳು. "ನಿಮ್ ತೊಗಲಡಿ ಇರೋದು ಮಾಟ ಅಲ್ಲ, ಬರೀ ಕೊಬ್ಬು. ಅಲ್ಲಾಡ್ದೆ ಕೂತ್ಕೊಳಿ."

ಮೇಷ್ಟ್ರು ಊಟಕ್ಕೆ ಹೋಗಿದ್ದರು. ತಾನು ಮಾಡಿದ್ದ ಅಮೀನಪ್ಪನ ಜೇಡಿಮಣ್ಣಿನ ಮೂರ್ತಿಯನ್ನು ಅವಳು ಎದುರಿಗೆಳೆದುಕೊಂಡು ಕೆನ್ನೆಯ ಮೇಲ್ಪದರವನ್ನು ಹೆರೆದಳು. ಅಂಗರಚನೆಯ ಪುಸ್ತಕ ನೋಡುತ್ತ ಸ್ನಾಯುಗಳನ್ನು ಎಳೆ ಎಳೆಯಾಗಿ ಬಿಡಿಸಿದಳು. ಕತ್ತು. ಭುಜ. ಎದೆ. ಹಸಿಮಣ್ಣಿನ ವಾಸನೆ ಯಾವಾಗಲೋ ಮಾಂಸದಂಗಡಿಯ ಕಮಟು ವಾಸನೆಯಾಗಿತ್ತು. ಬೆರಳಡಿಯ ಮಣ್ಣು ಬೆಚ್ಚಗಿತ್ತು. ಅವಳು ಮೂಗು ಸಿಂಡರಿಸಿದಳೇ ಹೊರತು ಕೈ ನಿಲ್ಲಿಸಲಿಲ್ಲ.

ಅಮೀನಪ್ಪ ನೀಳವಾಗಿ ಉಸಿರು ಬಿಟ್ಟ. "ಮೈ ಹಗುರಾಗೋಯ್ತು. ಬ್ಯಾಡ ಅಂದೆ ತಾಯಿ, ನೀವ್ ಕೇಳ್ಲಿಲ್ಲ."

ತಲೆಯೆತ್ತಿದಳು. ಎದುರು ಕೂತವನಿಗೆ ತೊಗಲಿರಲಿಲ್ಲ. ಕೆಂಪು ಎಳೆಗಳು. ಬಿಳಿಯ ನರಗಳು. ತುಟಿಯಿಲ್ಲದ ಹಲ್ಲುಗಳು. ಆ ಹಲ್ಲುಗಳ ಸಂದಿಯಿಂದಲೇ ಅಯ್ಯೋ ಪಾಪ ಎಂಬ ದನಿ.

ಬೀದಿಗೆ ಓಡಿದಳು. ಹೂ ಮಾರುವವಳು. ಆಟೋದವನು. ಮಗುವನ್ನೆತ್ತಿಕೊಂಡ ಹೆಂಗಸು, ಆ ಮಗು. ಎಲ್ಲರೂ ಸುಲಿದವರು. ಮಧ್ಯಾಹ್ನದ ಬಿಸಿಲಿಗೆ ಒದ್ದೆಯಾಗಿ ಹೊಳೆಯುತ್ತ, ನಗುತ್ತ, ಚೌಕಾಸಿ ಮಾಡುತ್ತ ಇದ್ದರು. ಅವರಿಗೇನೂ ಆಗಿರಲಿಲ್ಲ. ಆಗಿದ್ದು ಅವಳ ಕಣ್ಣಿಗೆ.

ಮನೆಯ ಬಾಗಿಲು ತೆರೆಯಿತು. "ಯಾಕೇ, ಹಿಂಗ್ ಓಡ್ಬಂದಿದೀಯ?"

ದನಿ ಅಮ್ಮನದು. ಮುಖ ಯಾರದೂ ಅಲ್ಲ. ಹಣೆ ಮುಟ್ಟಲು ಬಂದ ಕೈಯಲ್ಲಿ ಹಸಿ ಸ್ನಾಯುಗಳು ಮಿಡುಕುತ್ತಿದ್ದವು.

"ಮುಟ್ಬೇಡ! ನನ್ನ ಮುಟ್ಬೇಡಮ್ಮ!"

ಕೋಣೆಗೆ ನುಗ್ಗಿ ಚಿಲಕ ಹಾಕಿದಳು. ಮೂಲೆಗೆ ಕುಸಿದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

ಕತ್ತಲಾಗಲಿಲ್ಲ. ರೆಪ್ಪೆಗೂ ತೊಗಲಿರಲಿಲ್ಲ. ಮುಖ ಮುಚ್ಚಿಕೊಂಡ ತನ್ನದೇ ಬೆರಳುಗಳ ಕೆಂಪು ಎಳೆಗಳು, ಅವುಗಳ ನಡುವೆ ಬಾಗಿಲು. ಆಚೆಯಿಂದ ಅಮ್ಮ ಅಳುತ್ತ ಅದನ್ನು ಬಡಿಯುತ್ತಲೇ ಇದ್ದಳು.