ಅಡ್ಡ ಬಂದ ಹಳದಿ ಗೆರೆ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕಾರಿನ ತಪ್ಪಿಲ್ಲ ಅಂತ ಕಂಪನಿಯವರು ಹೇಳ್ತಾರೆ. ನನ್ನ ತಪ್ಪಿಲ್ಲ ಅಂತ ಓಡಿಸಿದ ಮೇಷ್ಟ್ರು ಹೇಳ್ತಾರೆ. ಹಾಗಾದ್ರೆ ನಮ್ಮ ಯಜಮಾನ್ರು ಸತ್ತಿದ್ದು ಯಾರ ತಪ್ಪಿಂದ? ಅದನ್ನ ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ಬರೆದುಕೊಂಡರು. ಆಕೆಯ ಗಂಡ ಕಾರು ಶೋರೂಮಿನಲ್ಲಿ ಹಿರಿಯ ಮಾರಾಟಗಾರ. ಎಲ್ಲರೂ ಅವನನ್ನು 'ಗೋಡೆ' ಎಂದೇ ಕರೆಯುತ್ತಿದ್ದರು. ಕಂಪನಿಯ ಹೊಸ ಕಾರು ಎದುರಿಗೆ ಮನುಷ್ಯ ಕಂಡರೆ ತಾನಾಗಿಯೇ ನಿಲ್ಲುತ್ತಿತ್ತು. ಗಿರಾಕಿಗಳು ನಂಬಬೇಕಲ್ಲ? ಗೋಡೆ ಅಂಗಳದ ಹಳದಿ ಗೆರೆಯ ತುದಿಯಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ. ಕಾರು ಮೊಳದಷ್ಟು ದೂರದಲ್ಲಿ ನಿಂತಾಗ, "ನನ್ನ ಹೆಂಡ್ತಿಗಿಂತ ಮೊದಲು ಇದೇ ನನ್ನ ಗುರುತು ಹಿಡಿಯುತ್ತೆ" ಎಂದು ನಗಿಸುತ್ತಿದ್ದ. ಕಾರು ಎಷ್ಟು ಖರ್ಚಾಗುತ್ತಿತ್ತೆಂದರೆ ಬುಕ್ ಮಾಡಿದವರು ತಿಂಗಳುಗಟ್ಟಲೆ ಬಾಯಿ ಬಿಟ್ಟುಕೊಂಡು ಕಾಯಬೇಕಿತ್ತು. ಶನಿವಾರ ಸಂಜೆ, ಐವತ್ತು ಸಾವಿರನೆಯ ಕಾರು ಮಾರಾಟವಾದ ಸಂಭ್ರಮದಲ್ಲಿ, ಪತ್ರಿಕೆಯವರ ಎದುರೇ ಕಾರು ನಿಲ್ಲಲಿಲ್ಲ.

ಓಡಿಸಿದವರು ಆ ಕಾರನ್ನು ಕೊಂಡಿದ್ದ ನಿವೃತ್ತ ಮೇಷ್ಟ್ರು. ಗಾಬರಿಯಲ್ಲಿ ಆಕ್ಸಿಲರೇಟರ್ ತುಳಿದರೆಂದು ಕಂಪನಿ ದೂರು ಕೊಟ್ಟಿತ್ತು, ಅಂದೇ FIR ಆಗಿತ್ತು. ಸಾಬೀತಾದರೆ ಮುದುಕರಿಗೆ ಜೈಲು ಖಂಡಿತ. ಎರಡು ದಿನದಿಂದ ಅವರು ಒಂದೇ ಮಾತು ಹೇಳುತ್ತಿದ್ದರು: "ಬ್ರೇಕ್ ಮೇಲೆ ಕಾಲಿಡಬೇಡಿ ಅಂದ್ರು. ನಾನು ಇಡಲಿಲ್ಲ."

ಹನ್ನೊಂದು ಗಂಟೆಗೆ ಪಂಚನಾಮೆ ಶುರುವಾಯಿತು. ಶೋರೂಮಿನ ಮ್ಯಾನೇಜರ್ ಬಟ್ಟೆ ತೊಡಿಸಿದ ಬೊಂಬೆಯೊಂದನ್ನು ಗೆರೆಯ ತುದಿಯಲ್ಲಿ ನಿಲ್ಲಿಸಿ ಅದೇ ಕಾರನ್ನು ಓಡಿಸಿ ತೋರಿಸಿದರು. ಪ್ರತಿ ಸಲವೂ ಕಾರು ಸದ್ದಿಲ್ಲದೆ ನಿಂತಿತು.

"ಮೇಷ್ಟ್ರ ಕತೆ ಮುಗೀತು ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್.

ಇನ್ಸ್‌ಪೆಕ್ಟರ್ ನೆಲ ನೋಡಿದರು. ಅವರ ಬೂಟಿನ ಕೆಳಗೆ ಇನ್ನೊಂದು ಹಳದಿ ಗೆರೆಯಿತ್ತು. ಹಳೆಯದು ಟೈರು ಉಜ್ಜಿ ಮಾಸಿಹೋಗಿತ್ತು. ಇದು ಅದನ್ನು ಅಡ್ಡಲಾಗಿ ದಾಟಿ ಕಾಂಪೌಂಡಿನ ಕಡೆ ಹೋಗಿತ್ತು, ಬಣ್ಣ ಹೊಸದು.

"ಶನಿವಾರ ಓಡಿಸಿದ್ದು ಯಾವ ಗೆರೆ ಮೇಲೆ?"

ಮ್ಯಾನೇಜರ್ ತಬ್ಬಿಬ್ಬಾದರು. "ಈ ಹೊಸದರ ಮೇಲೆ ಸಾರ್. ನಾನು ರೂಢಿಯಲ್ಲಿ ಹಳೇದರ ಮೇಲೇ ಓಡಿಸಿಬಿಟ್ಟೆ."

"ಹೊಸದು ಯಾಕೆ ಹಾಕಿಸಿದ್ರಿ?"

"ಜನಕ್ಕೆ ಚೆನ್ನಾಗಿ ಕಾಣುತ್ತೆ ಅಂತ ಫ್ಯಾಕ್ಟರಿಯಿಂದ ಬಂದ ಇಂಜಿನಿಯರ್ ಹೇಳಿದ್ರು. ಈ ಬ್ರೇಕ್ ಮಾಡಿದವರೇ ಅವರು."

ಇನ್ಸ್‌ಪೆಕ್ಟರ್ ಹೊಸ ಗೆರೆಯ ಗುಂಟ ಕಣ್ಣು ಹಾಯಿಸಿದರು. ತುದಿಯಲ್ಲಿ ಗಿಡ್ಡ ಕಾಂಪೌಂಡು, ಅದರಾಚೆ ಬರಿಯ ಆಕಾಶ. ಪಶ್ಚಿಮ ದಿಕ್ಕು.

"ಸಂಜೆ, ಶನಿವಾರದ ಹೊತ್ತಿಗೇ ಬರ್ತೀವಿ. ಬೊಂಬೆ ಈ ಹೊಸ ಗೆರೆ ತುದೀಲಿರಲಿ," ಎಂದರು.

ಸಂಜೆ ಸೂರ್ಯ ಕಾಂಪೌಂಡಿನ ಮೇಲೆ ಕೂತಿದ್ದ. ಕಾರು ಹೊರಟಿತು. ಬೊಂಬೆಯ ಹತ್ತಿರ ಬಂದರೂ ಅದರ ವೇಗ ಒಂದಿಷ್ಟೂ ತಗ್ಗಲಿಲ್ಲ. ಬೊಂಬೆ ಕಾಂಪೌಂಡಿಗೆ ಅಪ್ಪಳಿಸಿದ ಸದ್ದು ಎಲ್ಲರ ಎದೆಗೇ ಬಡಿಯಿತು. ಇನ್ನೊಮ್ಮೆ ಓಡಿಸಿದರು. ಇನ್ನೊಮ್ಮೆಯೂ ಅಷ್ಟೇ. ಪಂಚರು ಪಂಚನಾಮೆಗೆ ಸಹಿ ಹಾಕಿದರು. ಕಾರು ಮಾತ್ರ ಏನೂ ಆಗಿಲ್ಲವೆಂಬಂತೆ ಮೆಲ್ಲಗೆ ಗುನುಗುತ್ತಿತ್ತು.

ಇಂಜಿನಿಯರ್ ಊರು ಬಿಟ್ಟಿರಲಿಲ್ಲ. ಮರುದಿನ ಮಧ್ಯಾಹ್ನ ಲಾಡ್ಜಿನ ಕೋಣೆಯ ಬಾಗಿಲು ತೆರೆದಾಗ ಆತ ಪರದೆ ಎಳೆದುಕೊಂಡು, ಬೂಟು ಹಾಕಿಕೊಂಡೇ ಮಂಚದ ಮೇಲೆ ಕೂತಿದ್ದ.

"ಗೆರೆ ತಿರುಗಿಸಿದ್ದು ನೀವೇನಾ?"

"ನಾನೇ."

"ಕಾರು ನಿಲ್ಲಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಇಳಿಬಿಸಿಲು ನೇರ ಎದುರಿಗಿದ್ರೆ ಅದಕ್ಕೆ ಮನುಷ್ಯ ಕಾಣಲ್ಲ. ಮೀಟಿಂಗಲ್ಲಿ ಬಡ್ಕೊಂಡೆ. ಮಾರಾಟ ಎಷ್ಟಾಗಿದೆ ನೋಡು ಅಂತ ಚಪ್ಪಾಳೆ ತಟ್ಟಿದ್ರು. ಪತ್ರಿಕೆಯವರ ಮುಂದೆ ಒಂದು ಸಲ ಬೊಂಬೆಗೆ ಗುದ್ದಿದ್ರೆ ಕಣ್ಣು ತೆರೀತಾರೆ ಅಂದ್ಕೊಂಡೆ. ಬೊಂಬೇನ ನಾನೇ ನಿಲ್ಸಿದ್ದೆ."

"ಆಮೇಲೆ?"

"ಗೋಡೆ ಬಂದು ಅದನ್ನ ಎತ್ತಿ ಪಕ್ಕಕ್ಕಿಟ್ಟ. ನಾನಿರೋವಾಗ ಬೊಂಬೆ ಯಾಕೆ ಸಾರ್ ಅಂದ. ಎಲ್ಲರೂ ನಕ್ಕರು."

"ನೀವು?"

ಆತ ತನ್ನ ಅಂಗೈ ನೋಡಿಕೊಂಡ. "ಕೂಗಬಹುದಿತ್ತು. ಕಾರು ಇನ್ನೂ ಹೊರಟಿರಲಿಲ್ಲ."

"ಯಾಕೆ ಕೂಗಲಿಲ್ಲ?"

"ಬೊಂಬೆ ಬಿದ್ರೆ ಏನಾದ್ರೂ ನೆಪ ಹೇಳ್ತಾರೆ, ಮನುಷ್ಯ ಬಿದ್ರೆ ಹೇಳಕ್ಕಾಗಲ್ಲ ಅನ್ನಿಸ್ತು. ಒಂದೇ ಕ್ಷಣ. ಅಷ್ಟರಲ್ಲಿ ಮೇಷ್ಟ್ರು ಹೊರಟುಬಿಟ್ರು."

"ನೆಪ ಸಿಕ್ತಲ್ಲ. ಮೇಷ್ಟ್ರ ತಲೆಗೇ ಕಟ್ಟಿದ್ರು. ಆಗಲೂ ಬಾಯಿಗೆ ಬೀಗ ಹಾಕ್ಕೊಂಡಿದ್ರಿ."

ಆತ ಅತ್ತ. ಹೆಡ್ ಕಾನ್‌ಸ್ಟೇಬಲ್ ಕಿಟಕಿಯ ಕಡೆ ತಿರುಗಿ ನಿಂತ. ಅವನಿಗೆ ಕನಿಕರವೂ ಬಂತು, ಹೇಸಿಗೆಯೂ ಆಯಿತು.

ಹೇಳಿಕೆ ಬರೆಸಿ, ಕೊಲೆಯಲ್ಲದ ನರಹತ್ಯೆಯ ಆರೋಪದಲ್ಲಿ ಬಂಧಿಸಿ ಹೊರಗೆ ಬರುವಾಗ ಸಂಜೆಯಾಗಿತ್ತು. ಮೇಷ್ಟ್ರಿಗೂ ಆ ಹೆಂಗಸಿಗೂ ಇನ್ಸ್‌ಪೆಕ್ಟರೇ ಫೋನ್ ಮಾಡಿದರು. ಮೇಷ್ಟ್ರು 'ಸರಿ' ಎಂದು ಫೋನ್ ಇಟ್ಟರು. ಹೆಂಗಸು ಮಾತ್ರ ಕೇಳಿದಳು: "ಆ ಕಾರು ಈಗಲೂ ಮಾರ್ತಿದ್ದಾರಾ?" ಮಾರಾಟ ನಿಲ್ಲಿಸಬೇಕೆಂಬ ವರದಿ ನಿನ್ನೆಯೇ ಮೇಲಕ್ಕೆ ಹೋಗಿತ್ತು. ಉತ್ತರ ಬಂದಿರಲಿಲ್ಲ.

ಠಾಣೆಗೆ ಹೋಗುವ ದಾರಿ ಪಶ್ಚಿಮಕ್ಕಿತ್ತು. ಹೆಡ್ ಕಾನ್‌ಸ್ಟೇಬಲ್ ಕಣ್ಣು ಕಿರಿದು ಮಾಡಿ ಹಳೇ ಜೀಪು ಓಡಿಸುತ್ತಿದ್ದ. ಪಕ್ಕದ ಸಾಲಿನಲ್ಲಿ ಹೊಚ್ಚ ಹೊಸ ಕಾರೊಂದು ಬರುತ್ತಿತ್ತು, ಅದೇ ಮಾದರಿ. ಒಳಗಿದ್ದವನು ಹೆಂಡತಿಯ ಕಡೆ ತಿರುಗಿ ಏನೋ ಹೇಳಿ ನಗುತ್ತಿದ್ದ. ಮುಂದೆ ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್ ಬ್ರೇಕ್ ಒತ್ತಿದ. ಪಕ್ಕದ ಕಾರು ಹಾಗೆಯೇ ಮುಂದೆ ಹೋಗುತ್ತಿತ್ತು.

ಜೀಪಿನ ಹಿಂದಿನ ಸೀಟಿನಲ್ಲಿ ಇಂಜಿನಿಯರ್ ಬೇಡಿ ಹಾಕಿದ ಕೈಗಳಿಂದ ಕಿಟಕಿಯ ಗಾಜು ಬಡಿದ. ಬ್ರೇಕಿಲ್ಲದ ಜಾಗದಲ್ಲಿ ಅವನ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು.

ಈ ಸಲ ಅವನು ಕೂಗಿದ.