ಕೂದಲಲ್ಲಿ ಹೊಲಿದ ಹಾಳೆ

"ಆ ಹಾಳೆ ಬಿಚ್ಬೇಡಿ ಟೀಚರ್. ನಿಮ್ಮಜ್ಜೀನೇ ಇಲ್ಲಿ ಕೂತು ಹೊಲಿದಿದ್ದು," ಎಂದ ಚರ್ಚಿನ ಮುದಿ ಗುಮಾಸ್ತ. "ಆಗ ಈ ಕುರ್ಚೀಲಿ ನಮ್ಮಪ್ಪ ಇದ್ರು. ನಿಮ್ಮಜ್ಜಿ ಮಕ್ಕಳನ್ನೂ ಮಾಟದೋನನ್ನೂ ಜೊತೇಲೇ ಕರ್ಕೊಂಡು ಬಂದಿದ್ರಂತೆ."

ಟೀಚರಿಗೆ ನಗು ಬಂತು, ದಣಿದವರ ನಗು. "ಮೂವತ್ತು ವರ್ಷ ಮಕ್ಕಳ ಜೊತೆ ಹೆಣಗಿದೀನಿ. ದೆವ್ವಾನೇ ನನ್ನ ಕಂಡ್ರೆ ಹೆದರ್ಬೇಕು, ಬಿಡಿ."

ಅವಳಿಗೆ ಬೇಕಿದ್ದದ್ದು ಒಂದಿಷ್ಟು ನಿದ್ದೆ. ಎಂಬತ್ತೈದರ ಅಪ್ಪ ವರ್ಷದಿಂದ ರಾತ್ರಿಯೆಲ್ಲ ಒಂದೇ ರಾಗ ಹಿಡಿದಿದ್ದ: "ಅಕ್ಕ ಎಲ್ಲಿ? ಅಕ್ಕನ್ನ ಕರಿ." ಅವನಿಗೊಬ್ಬಳು ಅಕ್ಕ ಇದ್ದಳೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟಿರಲಿಲ್ಲ. ಚರ್ಚಿನ ಹಳೆಯ ಮನೆಗಣತಿಯ ಪಟ್ಟಿಯಲ್ಲಿ ಮಾತ್ರ ಆ ಮನೆಗೆ ಇಬ್ಬರು ಮಕ್ಕಳು: ಎಂಟರ ಹುಡುಗಿ, ಐದರ ಹುಡುಗ. ಮುಂದಿನ ಗಣತಿಗೆ ಹುಡುಗ ಒಬ್ಬನೇ. ಸಮಾಧಿಯ ಪುಸ್ತಕದಲ್ಲಿ ಹುಡುಗಿಯ ಸುಳಿವಿಲ್ಲ. ಉಳಿದದ್ದು ಹುಟ್ಟಿದ ಮಕ್ಕಳ ಹೆಸರು ಬರೆಯುವ ಈ ಜ್ಞಾನಸ್ನಾನದ ಪುಸ್ತಕ. ಅದರಲ್ಲೊಂದು ಹಾಳೆಯನ್ನು ಒಳಕ್ಕೆ ಮಡಿಸಿ ಸುತ್ತ ಹೊಲಿದಿದ್ದರು.

ದಾರವಲ್ಲ, ಕೂದಲು. ಮಗುವಿನ ಎಳೆಗೂದಲು. ಬ್ಲೇಡು ತಾಗಿದ್ದೇ ತಡ, ಸುಟ್ಟ ಕೂದಲಿನ ಕಮಟು ಕೋಣೆಯೆಲ್ಲ ಹಬ್ಬಿತು. ಒಳಗೆ ಹುಡುಗಿಯ ಹೆಸರು, ಹುಟ್ಟಿದ ದಿನ. ಅಂಚಿನಲ್ಲಿ ಬೇರೆ ಕೈಬರಹ: 'ಇವಳ ಉಸಿರು ತಮ್ಮನಿಗೆ.'

"ನಿಮ್ಮಪ್ಪಂಗೆ ನಾಯಿಕೆಮ್ಮು, ಉಳಿಯಲ್ಲ ಅಂದಿದ್ರಂತೆ," ಗುಮಾಸ್ತ ಗೊಣಗಿದ. "ಗಂಡು ಉಳೀಲಿ ಅಂತ..." ಮಾತು ಮುಗಿಸದೆ ಕೈ ತೊಳೆಯಲು ಎದ್ದುಹೋದ.

ಅಪ್ಪನಿಗೆ ತೋರಿಸಿದರೆ ಸುಮ್ಮನಾದಾನೆಂದು ಅವಳು ಹಾಳೆಯನ್ನು ಹರಿದು ಚೀಲಕ್ಕೆ ಹಾಕಿಕೊಂಡಳು.

ಮಧ್ಯಾಹ್ನದ ಬಿಸಿಲು ಕಣ್ಣು ಚುಚ್ಚುತ್ತಿತ್ತು. ಮನೆಯ ಮೆಟ್ಟಿಲಲ್ಲೇ ಕೆಮ್ಮು ಕೇಳಿಸಿತು. ಮುದುಕನ ಕೆಮ್ಮಲ್ಲ, ಪುಟ್ಟ ಎದೆಯಿಂದ ಎದ್ದು ಕೊನೆಗೆ ಊಳಿಡುವ ಕೆಮ್ಮು. ಅಪ್ಪ ಹಾಸಿಗೆಯಲ್ಲಿ ಮುದುಡಿದ್ದ. ತುಟಿ ನೀಲಿ. ಅದೇ ಕಮಟು. ಕಿಟಕಿ ತೆರೆದಿದ್ದರೂ ಮಂಚದ ಸುತ್ತ ಕತ್ತಲು.

ಡಾಕ್ಟರಿಗೆ ಫೋನು ಮಾಡಿದಳು. ಅರ್ಧ ಗಂಟೆ ಎಂದರು. ಅಪ್ಪ ಅಷ್ಟು ಹೊತ್ತು ತಾಳುವಂತಿರಲಿಲ್ಲ.

ನಂಬುವುದೋ ಬಿಡುವುದೋ ಯೋಚಿಸಲೂ ಅವಳಲ್ಲಿ ತ್ರಾಣವಿರಲಿಲ್ಲ. ಸೂಜಿ ತಂದಳು. ತನ್ನ ತಲೆಯಿಂದಲೇ ಕೂದಲು ಕಿತ್ತು ಪೋಣಿಸಿದಳು. ಹಾಳೆ ಮಡಿಸಿ ಚುಚ್ಚಿದಳು. ಒಂದು. ಅಪ್ಪನ ಕೆಮ್ಮು ಸಡಿಲಿತು. ಎರಡು. ತುಟಿಗೆ ಬಣ್ಣ ಬಂತು. ಮೂರು. ಅವಳ ಗಂಟಲು ಬಿಗಿಯಿತು. ನಾಲ್ಕು. ಎದೆಯ ಮೇಲೆ ಯಾರೋ ಕುಳಿತರು. ನಿಲ್ಲಿಸಬೇಕು. ಕೈ ನಿಲ್ಲಲಿಲ್ಲ. ಐದು. ಆರು. ಸೂಜಿಯೇ ಕೈಯನ್ನು ಎಳೆಯುತ್ತಿತ್ತು. ಏಳು.

ಅಪ್ಪನ ಕಣ್ಣು ತಿಳಿಯಾಯಿತು. ವರ್ಷದ ಮೇಲೆ ಮೊದಲ ಸಲ ಮಗಳನ್ನು ಗುರುತಿಸಿದ.

"ಅಮ್ಮನೂ ಹೀಗೇ ಹೊಲೀತಿದ್ಲು," ಎಂದ. "ಅಕ್ಕ ನೆಲದ ಮೇಲೆ ಒದ್ದಾಡ್ತಿದ್ಲು. ನಂಗೆ ಉಸಿರು ಬಂತಲ್ಲ, ಖುಷಿಯಾಗಿತ್ತು ಮಗಳೇ. ಸಾಕು."

ಸೂಜಿಯ ಕೂದಲನ್ನು ಬೆರಳಿಗೆ ಸುತ್ತಿ ಜಗ್ಗಿದ. ಹರಿಯಿತು.

ಅವಳಿಗೆ ಉಸಿರು ಬಂತು. ಅಪ್ಪನಿಗೆ ಬರಲಿಲ್ಲ.

ಡಾಕ್ಟರು ಬಂದಾಗ ಅವಳು ನೆಲದ ಮೇಲೆ ಕೂತು ಹೊಲಿಗೆಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ಕೂದಲು ಹರಿದರೂ ಏಳೂ ಹಾಗೇ ಇದ್ದವು. ಒಂದೊಂದಕ್ಕೂ ತನ್ನ ಆಯುಷ್ಯದಲ್ಲಿ ಎಷ್ಟೆಷ್ಟು ವರ್ಷ ಹೋಯಿತೆಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ.