ಒರೆಸಿದ ಐದನೇ ಸಾಲು

ಬೀರುವಿಗೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಒಳಗಿದ್ದ ಪ್ರೊಜೆಕ್ಟರ್ ಮಾತ್ರ ಇರಲಿಲ್ಲ.

ಶನಿವಾರ ಬೆಳಿಗ್ಗೆ ಏಳೂವರೆ. ಕೋಡಿಹಳ್ಳಿ ರಸ್ತೆಯ ಸರ್ಕಾರಿ ಶಾಲೆಯ ಸ್ಮಾರ್ಟ್ ಕ್ಲಾಸ್ ಕೊಠಡಿ. ಗಣಿತದ ಟೀಚರ್ ರಾಧಾಮಣಿ ಸ್ಕೂಟಿ ನಿಲ್ಲಿಸಿ ಒಳಗೆ ಬರುವಷ್ಟರಲ್ಲಿ ಹೆಡ್‌ಮೇಷ್ಟ್ರು ಗಂಗರಾಜು ವಿಚಾರಣೆ ಮುಗಿಸಿ ತೀರ್ಪನ್ನೂ ಕೊಟ್ಟುಬಿಟ್ಟಿದ್ದರು.

"ಬೀಗ ಮುರಿದಿಲ್ಲ. ಬೀಗದ ಕೈ ಇರೋದು ಎರಡು. ಒಂದು ನನ್ ಸೊಂಟದಾಗೈತೆ. ಇನ್ನೊಂದು ಯಾರ ತಾವ ಐತೆ?"

"ನನ್ನ ಹತ್ರ ಸರ್. ಬ್ಯಾಗಲ್ಲೇ ಇದೆ," ಎಂದಳು ಸಾನಾ.

"ನಿನ್ನೆ ಈ ರೂಮಿಂದ ಕೊನೇಲಿ ಹೋದೋರು ಯಾರು?"

"ನಾನೇ ಸರ್."

"ಇನ್ನೇನಮ್ಮ ಕೇಳೋದು?"

ಸಾನಾ ಅತಿಥಿ ಶಿಕ್ಷಕಿ. ಕನಕಪುರದ ರೇಷ್ಮೆ ನೂಲು ಬಿಚ್ಚುವವರ ಮನೆಯ ಹುಡುಗಿ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಕಾಯಂ ನೌಕರರ ಮೇಲೆ ದೂರು ಬಂದರೆ ವಿಚಾರಣೆ, ಉತ್ತರ, ಮರುಉತ್ತರ ಎಂದು ವರ್ಷ ಕಳೆಯುತ್ತದೆ. ಅತಿಥಿ ಶಿಕ್ಷಕಿಗಾದರೆ ಒಂದೇ ಮಾತು: ನಾಳೆಯಿಂದ ಬರಬೇಡಿ.

"ನಾನು ತಗೊಂಡಿಲ್ಲ. ಓಡಿ ಹೋಗೋದೂ ಇಲ್ಲ. ಪೊಲೀಸರನ್ನ ಕರೆಸಿ, ಇಲ್ಲೇ ಇರ್ತೀನಿ." ಸಾನಾಳ ಕಣ್ಣಲ್ಲಿ ನೀರಿತ್ತು, ಆದರೆ ದನಿ ನಡುಗಲಿಲ್ಲ. ಹುಡುಗಿ ಗಟ್ಟಿ ಎಂದುಕೊಂಡಳು ರಾಧಾಮಣಿ.

"ಹನ್ನೊಂದೂವರೆವರೆಗೂ ಟೈಮ್ ಕೊಡಿ ಸರ್. ಆಮೇಲೆ ದೂರು ಬರೀರಿ," ಎಂದಳು ರಾಧಾಮಣಿ.

"ಬರೆದೇ ಬರೀತೀನಿ ಕಣಮ್ಮ. ಹನ್ನೆರಡಕ್ಕೆ ಆರು ಸ್ಕೂಲಿನ ಮೇಷ್ಟ್ರುಗಳು ಬಂದು ಕೂತ್ಕತಾರೆ. ನಾಳೆ ಮೇಲಿನೋರಿಗೆ ಉತ್ತರ ಕೊಡಬೇಕಾದೋನು ನಾನು."

ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಶನಿವಾರದ ಆ ಕೂಟ ಶುರುವಾಗಿ ವರ್ಷವಾಗುತ್ತ ಬಂದಿತ್ತು. ಸುತ್ತಲಿನ ಆರು ಶಾಲೆಗಳ ಮೇಷ್ಟ್ರುಗಳು ಅರ್ಧ ದಿನದ ಶಾಲೆ ಮುಗಿಸಿ ಇಲ್ಲಿ ಸೇರುತ್ತಿದ್ದರು. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಫೋನಿನಲ್ಲಿ ಪಾಠದ ವಿಡಿಯೋ ಮಾಡುವುದು, ಎಲ್ಲವನ್ನೂ ಒಬ್ಬರು ಇನ್ನೊಬ್ಬರಿಗೆ ಕಲಿಸಬೇಕು. ನಿಯಮ ಒಂದೇ. ಈ ವಾರ ಕಲಿತವರಲ್ಲಿ ಒಬ್ಬರು ಮುಂದಿನ ವಾರ ಎಲ್ಲರ ಮುಂದೆ ನಿಂತು ಅದನ್ನೇ ಕಲಿಸಬೇಕು. ಚೀಟಿ ಎತ್ತುತ್ತಾರೆ, ಹೆಸರು ಬಂದವರು ತಪ್ಪಿಸಿಕೊಳ್ಳುವ ಹಾಗಿಲ್ಲ. ಈ ನಿಯಮ ಮಾಡಿದ್ದು ರಾಧಾಮಣಿಯೇ. ಅದರ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಅವಳು ಬೀರುವಿನೊಳಗೆ ಕಣ್ಣಾಡಿಸಿದಳು. ಪ್ರೊಜೆಕ್ಟರ್ ಇಟ್ಟಿದ್ದ ಜಾಗದ ಪಕ್ಕದಲ್ಲೇ ಲ್ಯಾಪ್‌ಟಾಪ್ ಇತ್ತು. ಕೆಳಗಿನ ಅರೆಯಲ್ಲಿ ನಾಲ್ಕು ಟ್ಯಾಬ್. ಒಂದಕ್ಕೂ ಯಾರೂ ಕೈ ಹಚ್ಚಿರಲಿಲ್ಲ.

ಎಂಥ ಕಳ್ಳ ಇವನು? ಚೀಲಕ್ಕೆ ಹಗುರ, ಮಾರಲು ಸುಲಭ ಅನ್ನುವುದನ್ನೆಲ್ಲ ಬಿಟ್ಟು ಆ ಭಾರದ ಪೆಟ್ಟಿಗೆಯೊಂದನ್ನೇ ಹೊತ್ತುಕೊಂಡು ಹೋಗಿದ್ದಾನಲ್ಲ!

ತಿರುಗಿ ನೋಡಿದಳು. ಎದುರಿಗೆ ಕರಿಹಲಗೆ. ಅಚ್ಚುಕಟ್ಟಾಗಿ ಒರೆಸಿದ ಹಲಗೆ. ಸೀಮೆಸುಣ್ಣದ ತೆಳು ಗೆರೆಗಳು ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ನೆಟ್ಟಗೆ ಇಳಿದಿದ್ದವು. ಅಂಥ ಗೆರೆಗಳನ್ನು ಅವಳು ಹಿಂದೆ ನೋಡಿದ್ದಳು. ಇರಲಾರದು ಎಂದುಕೊಂಡಳು.

"ಸಾನಾ, ನಿನ್ನೆ ಹೋಗುವಾಗ ಹಲಗೆ ಮೇಲೆ ಏನಿತ್ತು?"

ಸಾನಾ ಹಲಗೆಯ ಕಡೆ ನೋಡಿ ಬೆಚ್ಚಿದಳು. "ಅಯ್ಯೋ! ನಾನು ಬರೆದಿದ್ದೆ ಮೇಡಂ. ಪ್ರೊಜೆಕ್ಟರ್ ಜೋಡಿಸೋದು ಹೇಗೆ ಅಂತ ಒಂದೊಂದೇ ಹಂತ, ಚಿತ್ರ ಸಮೇತ. ಒಂದು ಗಂಟೆ ಹಿಡೀತು. ಕೆಳಗೆ 'ಅಳಿಸಬೇಡಿ' ಅಂತಾನೂ ಬರೆದಿದ್ದೆ." ಫೋನ್ ತೆಗೆದು ತೋರಿಸಿದಳು. ಶುಕ್ರವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಅವಳು ತೆಗೆದಿಟ್ಟುಕೊಂಡಿದ್ದ ಫೋಟೋ. ಹಲಗೆ ತುಂಬ ಅಕ್ಷರ.

"ಆಮೇಲೆ?"

"ಐದೂಕಾಲಿನ ಬಸ್ಸಿಗೆ ಹೋದೆ."

"ಹಲಗೆ ಒರೆಸಿದ್ರೆ ಏನಾಯ್ತಮ್ಮ?" ಗಂಗರಾಜು ರೇಗಿದರು. "ಕಳುವಾಗಿರೋದು ಪ್ರೊಜೆಕ್ಟರ್ರು, ಹಲಗೆ ಅಲ್ಲ!"

ರಾಧಾಮಣಿ ಎಲ್ಲರನ್ನೂ ಹೊರಗೆ ಕಳಿಸಿದಳು. ಕೊಠಡಿಯ ಚಿಲಕ ಹಾಕಿ, ಯಾರೂ ಒಳಗೆ ಹೋಗಬಾರದು ಎಂದಳು.

ಬಿಸಿಯೂಟದ ದಾಸಮ್ಮ ಅಡುಗೆ ಕೋಣೆಯಲ್ಲಿ ಹಾಲಿನ ಪುಡಿ ಕದಡುತ್ತಿದ್ದಳು. ಗೇಟಿಗೆ ಬೀಗ ಹಾಕುವವಳೂ ತೆಗೆಯುವವಳೂ ಅವಳೇ.

"ದಾಸಮ್ಮ, ನಿನ್ನೆ ಸಾನಾ ಮಿಸ್ ಹೋದ ಮೇಲೆ ಸ್ಕೂಲಲ್ಲಿ ಯಾರ್ಯಾರಿದ್ರು?"

"ಮೂರೇ ಜನ ಕಣವ್ವ. ಹೆಡ್‌ಮೇಷ್ಟ್ರು, ಪಿ.ಟಿ. ಮೇಷ್ಟ್ರು ಶಿವರಾಜು, ನಮ್ ನಂಜುಂಡಯ್ಯ ಮೇಷ್ಟ್ರು. ಆರು ಗಂಟೆಗೆ ಎಲ್ರೂ ಹೋದ್ರು, ಗೇಟ್ ಹಾಕ್ಬುಟ್ಟೆ."

"ನೀನು ಹಲಗೆ ಏನಾದ್ರೂ ಒರೆಸಿದೆಯಾ?"

"ನಾನ್ಯಾಕವ್ವ ಒರೆಸ್ಲಿ? ನಾನು ಜಗಲಿ ಗುಡ್ಸಿದ್ರೆ ಅದೇ ಹೆಚ್ಚು."

"ಹೊರಗಿನೋರು ಯಾರಾದ್ರೂ?"

"ಒಂದು ಕುರೀನೂ ಒಳೀಕೆ ಬಂದಿಲ್ಲ."

ಪಿ.ಟಿ. ಮೇಷ್ಟ್ರು ಶಿವರಾಜು ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದ. ಶನಿವಾರದ ಕೂಟವನ್ನು ಕಂಡರೆ ಅವನಿಗೆ ಆಗದು ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ.

"ಹೌದು ಮೇಡಂ, ನಂಗೆ ಇಷ್ಟ ಇಲ್ಲ. ಹೈಕ್ಳಿಗೆ ಖೋಖೋ ಆಡ್ಸೋ ಟೈಮಲ್ಲಿ ನನ್ನನ್ನ ವೈರ್ ಹಿಡ್ಕೊಂಡು ಕೂರಿಸ್ತೀರಿ. ಆದ್ರೆ ನಾನು ಕದಿಯೋದಾದ್ರೆ ನಿಮ್ ಚೀಟಿ ಡಬ್ಬಾನೇ ಕದೀತಿದ್ದೆ, ಪ್ರೊಜೆಕ್ಟರ್ ಯಾಕೆ ಹೊರ್ಲಿ?"

ರಾಧಾಮಣಿಗೆ ನಗು ಬಂತು, ಆದರೆ ಅಲ್ಲಿ ನಿಲ್ಲಲಿಲ್ಲ. ಸೀದಾ ಸ್ಟಾಫ್ ರೂಮಿಗೆ ಹೋದಳು. ಗೋಡೆಯ ಮೊಳೆಯಲ್ಲಿ ಲೈಬ್ರರಿ ಬೀರುವಿನ ಬೀಗದ ಕೈ ತೂಗುತ್ತಿತ್ತು. ಲೈಬ್ರರಿ ಬೀರು, ಸ್ಮಾರ್ಟ್ ಕ್ಲಾಸ್ ಬೀರು ಎರಡೂ ನೋಡಲು ಅವಳಿಜವಳಿ. ಎರಡೂ ಎಷ್ಟೋ ವರ್ಷದ ಹಿಂದೆ ಒಂದೇ ಲಾರಿಯಲ್ಲಿ ಬಂದವು. ಕೀ ತೆಗೆದುಕೊಂಡು ಹೋಗಿ ಸ್ಮಾರ್ಟ್ ಕ್ಲಾಸ್ ಬೀರುವಿಗೆ ಹಾಕಿ ತಿರುಗಿಸಿದಳು.

ಕಟಕ್. ತೆರೆದುಕೊಂಡಿತು!

ಅಲ್ಲಿಗೆ ಎರಡು ಕೀಗಳ ಲೆಕ್ಕ ಬಿದ್ದುಹೋಯಿತು. ಮೊಳೆಯ ಮೇಲಿದ್ದ ಕೀ ಯಾರ ಕೈಗಾದರೂ ಸಿಗುತ್ತಿತ್ತು. ಆದರೆ ಅದು ಇದಕ್ಕೂ ಆಗುತ್ತದೆ ಎಂದು ಯಾರಿಗೆ ಗೊತ್ತು?

ನಂಜುಂಡಯ್ಯ ಮೇಷ್ಟ್ರು ಏಳನೇ ತರಗತಿಯ ಬಾಗಿಲಲ್ಲಿ ಸಿಕ್ಕರು. ಬಿಳಿ ಜುಬ್ಬ, ಎಣ್ಣೆ ಹಚ್ಚಿ ಬಾಚಿದ ತಲೆ. ನಿವೃತ್ತಿಗೆ ಎರಡೇ ವರ್ಷ. ರಾಧಾಮಣಿಗೆ ಮಗ್ಗಿ ಕಲಿಸಿದವರು ಅವರೇ. ಪಕ್ಕದೂರಿನ ಶಾಲೆಯಲ್ಲಿ ಅವಳು ಮೂರನೇ ಕ್ಲಾಸಿನಲ್ಲಿದ್ದಾಗ.

"ಮೇಷ್ಟ್ರೆ, ಬೀರುಗಳು ಬಂದ ವರ್ಷ ಇಲ್ಲಿ ಯಾರಿದ್ರು?"

"ನಾನೇ ಇಳಿಸ್ಕೊಂಡಿದ್ದು ಕಣವ್ವ. ಯಾಕೆ?"

"ಸುಮ್ನೆ ಕೇಳಿದೆ. ಇವತ್ತು ಪಾಠ ನಿಮ್ಮದಲ್ವಾ?"

"ನಂದೇ. ಚೀಟಿ ಬಂದಿತ್ತಲ್ಲ." ಅವರು ಅವಳ ಮುಖ ನೋಡಲಿಲ್ಲ. "ಈಗ ಪ್ರೊಜೆಕ್ಟರ್ರೇ ಇಲ್ಲ. ಮುಂದಕ್ಕೋಯ್ತು, ಬುಡು."

ರಾಧಾಮಣಿ ಕೈತೋಟದ ಪಕ್ಕ ಒಬ್ಬಳೇ ನಿಂತಳು. ಸುಮ್ಮನಿದ್ದುಬಿಡಲೇ? ಮೂವತ್ತನಾಲ್ಕು ವರ್ಷ ಪಾಠ ಹೇಳಿ ಮೇಷ್ಟ್ರು ಗಳಿಸಿದ ಹೆಸರು ಅದು. ಆದರೆ ಎಂಟು ತಿಂಗಳ ಹೆಸರೂ ಹೆಸರೇ ಅಲ್ಲವೇ? ಹಿರಿಯರ ಮರ್ಯಾದೆ ಉಳಿಸಲು ಕಿರಿಯಳ ಅನ್ನ ಕಿತ್ತುಕೊಳ್ಳುವುದಕ್ಕೆ ಅವಳ ಮನಸ್ಸು ಸುತರಾಂ ಒಪ್ಪಲಿಲ್ಲ. ಏನಾದರಾಗಲಿ, ಹೇಳಿಯೇ ತೀರುವುದು ಎಂದು ನಿರ್ಧರಿಸಿದಳು.

ಹನ್ನೊಂದೂವರೆ. ಮಕ್ಕಳು ಮನೆಗೆ ಹೋಗಿದ್ದರು. ಗಂಗರಾಜು ದೂರಿನ ಹಾಳೆ ಹಿಡಿದು ಬಂದರು. ಶಿವರಾಜು, ನಂಜುಂಡಯ್ಯ, ಸಾನಾ ಎಲ್ಲರನ್ನೂ ರಾಧಾಮಣಿ ಐದನೇ ತರಗತಿಗೆ ಕರೆಸಿದ್ದಳು. ಹಲಗೆಯ ತುಂಬ ಹದಿನೇಳರ ಮಗ್ಗಿ ಬರೆದಿತ್ತು.

"ಒಬ್ಬೊಬ್ಬರು ಒಂದೊಂದು ಭಾಗ ಒರೆಸಿ. ಮೊದಲು ಹೆಡ್‌ಮೇಷ್ಟ್ರು."

"ಏನಮ್ಮ ಇದು ಮಕ್ಕಳಾಟ?"

"ಒರೆಸಿ ಸರ್. ಒಂದು ನಿಮಿಷದ ಕೆಲಸ."

ಗಂಗರಾಜು ಡಸ್ಟರ್ ಹಿಡಿದು ಕಾರಿನ ಗಾಜು ಒರೆಸುವ ಹಾಗೆ ಅಡ್ಡಡ್ಡ ಎಳೆದರು. ಶಿವರಾಜು ಡಸ್ಟರ್ ಮುಟ್ಟಲೇ ಇಲ್ಲ. ಅಂಗೈಯಿಂದ ಸುತ್ತಿ ಸುತ್ತಿ ಉಜ್ಜಿ ಪ್ಯಾಂಟಿಗೆ ಒರೆಸಿಕೊಂಡ. ಸಾನಾ ಕರ್ಚೀಫು ಒದ್ದೆ ಮಾಡಿಕೊಂಡು ಬಂದಳು.

"ಸೀಮೆಸುಣ್ಣದ ಧೂಳು ನನಗಾಗಲ್ಲ ಮೇಡಂ, ಸೀನು ಬರುತ್ತೆ. ದಿನಾ ಒದ್ದೆ ಬಟ್ಟೇನೇ."

"ಮೇಷ್ಟ್ರೆ, ಈಗ ನೀವು."

ನಂಜುಂಡಯ್ಯ ಡಸ್ಟರ್ ತೆಗೆದುಕೊಂಡರು. ಮೇಲಿನ ಅಂಚಿಗೆ ಇಟ್ಟು ಕೆಳಗಿನ ಅಂಚಿನವರೆಗೆ ನೆಟ್ಟಗೆ ಎಳೆದರು. ಮತ್ತೆ ಮೇಲಿನಿಂದ, ಅದರ ಪಕ್ಕಕ್ಕೆ ಇನ್ನೊಂದು ಗೆರೆ. ಮೂರನೆಯ ಗೆರೆಯ ಅರ್ಧದಲ್ಲಿ ಅವರ ಕೈ ನಿಂತಿತು.



"ಈಗ ಸ್ಮಾರ್ಟ್ ಕ್ಲಾಸಿಗೆ ಬನ್ನಿ," ಎಂದಳು ರಾಧಾಮಣಿ. ಚಿಲಕ ತೆಗೆದಳು. "ಸರ್, ನಾವೆಲ್ಲ ಬೀರು ನೋಡಿದ್ವಿ. ಹಲಗೆ ನೋಡಲಿಲ್ಲ. ಸಾನಾ ಕದ್ದಿದ್ರೆ ತಾನೇ ಒಂದು ಗಂಟೆ ಕೂತು ಬರೆದಿದ್ದನ್ನ ಯಾಕೆ ಒರೆಸ್ತಾಳೆ? ಒದ್ದೆ ಬಟ್ಟೇಲಿ ಒರೆಸಿದ ಹಲಗೇಲಿ ಹೀಗೆ ಪುಡಿ ಗೆರೆ ಉಳಿಯುತ್ತಾ? ಅವಳು ಹೋದ ಮೇಲೆ ಇನ್ನೊಬ್ಬರು ಬಂದಿದ್ದಾರೆ. ಹೊರಗಿನ ಕಳ್ಳ ಆಗಿದ್ರೆ ಲ್ಯಾಪ್‌ಟಾಪೂ ಹೋಗ್ತಿತ್ತು, ಹಲಗೆ ಹಾಗೇ ಇರ್ತಿತ್ತು. ಹಲಗೆ ಒರೆಸದೆ ಕ್ಲಾಸ್ ಬಿಟ್ಟು ಹೋಗೋಕಾಗದೆ ಇರೋರು ಯಾರು? ಮೇಷ್ಟ್ರು. ಕಣ್ಣು ಓದೋಕೆ ಮುಂಚೆ ಕೈ ಒರೆಸಿರುತ್ತೆ. ಅದೂ ಮೇಲಿಂದ ಕೆಳಕ್ಕೆ, ನೆಟ್ಟಗೆ."

ಅವಳು ನಂಜುಂಡಯ್ಯನವರ ಕಡೆ ತಿರುಗಿದಳು. 

"ಅಡ್ಡಡ್ಡ ಒರೆಸಿದ್ರೆ ಧೂಳು ಮುಂದಿನ ಬೆಂಚಿನ ಮಕ್ಕಳ ಮೂಗಿಗೆ ಹೋಗುತ್ತೆ ಕಣವ್ವ, ಕೆಳಕ್ಕೆ ಎಳೀಬೇಕು ಅಂತ ನಂಗೆ ಎಂಟನೇ ವಯಸ್ಸಲ್ಲಿ ಹೇಳಿಕೊಟ್ಟೋರು ನೀವೇ, ಮೇಷ್ಟ್ರೆ. ಮುಂದಿನ ಬೆಂಚಲ್ಲಿ ಕೂತಿದ್ದೋಳು ನಾನು. ಬೆಳಿಗ್ಗೆ ಹಲಗೆ ನೋಡಿದಾಗಲೇ ನಿಮ್ಮ ಕೈ ಗುರುತು ಸಿಕ್ತು. ಬೀರು ಇಳಿಸಿಕೊಂಡೋರು ನೀವು; ಒಂದರ ಕೀ ಇನ್ನೊಂದಕ್ಕೆ ಆಗುತ್ತೆ ಅಂತ ನಿಮಗೆ ಮಾತ್ರ ಗೊತ್ತು. ಪ್ರೊಜೆಕ್ಟರ್ ತಗೊಂಡೋರು ನೀವೇ ಅಲ್ವಾ?"

ನಂಜುಂಡಯ್ಯ ಮುಂದಿನ ಬೆಂಚಿನಲ್ಲಿ ಕುಸಿದು ಕುಳಿತರು. ಮಕ್ಕಳ ಬೆಂಚು; ಮೊಣಕಾಲು ಎದೆಗೆ ಬಂದಿತು.

"ಹೌದು ಕಣವ್ವ, ನಾನೇ. ಮಾರಾಕಲ್ಲ. ಇಪ್ಪತ್ತು ಜನ ಮೇಷ್ಟ್ರುಗಳ ಮುಂದೆ ಇವತ್ತು ನಿಂತ್ಕೋಬೇಕಿತ್ತು. ನಂಗೆ ಅದ್ರ ವೈರ್ ಯಾವ್ ತೂತಿಗೆ ಹೋಯ್ತದೆ ಅಂತಾನೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳಾಕೆ ಬಾಯಿ ಬರ್ಲಿಲ್ಲ. ಮನೇಲಿ ಮೊಮ್ಮಗಳ ಲ್ಯಾಪ್‌ಟಾಪಿಗೆ ಹಾಕಿ ಕಲ್ತು, ಬೆಳಿಗ್ಗೆ ಯಾರೂ ಬರೋಕ್ ಮುಂಚೆ ಇಟ್ಬುಡಾವ ಅಂತ ಮಾಡಿದ್ದೆ. ಬಂದ್ರೆ ಹೆಡ್‌ಮೇಷ್ಟ್ರ ಬೈಕ್ ಆಗ್ಲೇ ಐತೆ. ಗಾಡಿ ಮೇಲೆ ರಾಗಿ ಚೀಲದಾಗೈತೆ ನೋಡಿ, ಒಂದು ಗೀರೂ ಬಿದ್ದಿಲ್ಲ."

"ಮತ್ತೆ ಈ ಮಗೂನ ನಾನು ಕಳ್ಳಿ ಅಂದಾಗ ಯಾಕ್ರೀ ಬಾಯಿ ಬಿಡಲಿಲ್ಲ?" ಗಂಗರಾಜು ಕೂಗಿದರು. ಅವರ ಸಿಟ್ಟಿನಲ್ಲಿ ಅರ್ಧ ತಮ್ಮ ಮೇಲೆಯೇ ಇತ್ತು.

"ಹೆದರ್ಕೊಂಡೆ. ಅದೇ ದೊಡ್ಡ ತಪ್ಪು. ಕದ್ದಿದ್ದಕ್ಕಿಂತ ದೊಡ್ಡದು." ಅವರು ಸಾನಾಳ ಕಡೆ ತಿರುಗಿ ಕೈ ಮುಗಿದರು. "ತಪ್ಪಾಯ್ತು ತಾಯಿ."

"ಕಲಿತ್ರಾ ಸರ್?" ಎಂದು ಕೇಳಿದಳು ಸಾನಾ. ಅವಳ ಮುಖ ಇನ್ನೂ ಬಿಗಿದುಕೊಂಡೇ ಇತ್ತು.

"ಎಲ್ಲಿ ಕಲೀಲಿ? ಸಂಜೆಯೆಲ್ಲ ಗೋಡೆ ಬರೀ ನೀಲಿ. ಚಿತ್ರಾನೇ ಬರ್ಲಿಲ್ಲ."

ಸಾನಾ ಫೋನ್ ತೆಗೆದು ನಿನ್ನೆಯ ಫೋಟೋ ದೊಡ್ಡದು ಮಾಡಿ ಅವರ ಮುಂದೆ ಹಿಡಿದಳು. "ಐದನೇ ಸಾಲು ಓದಿ."

ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. "ಗೋಡೆ ಬರೀ ನೀಲಿಯಾಗಿ ಕಂಡರೆ ಹೆದರಬೇಡಿ. ಸೋರ್ಸ್ ಎಂಬ ಬಟನ್ ಒತ್ತಿ."

"ನಿಮಗೆ ಕಷ್ಟ ಆಗುತ್ತೆ ಅಂತ ಗೊತ್ತಿತ್ತು ಸರ್. ಎಲ್ಲರ ಮುಂದೆ ಕೇಳೋಕೆ ನಿಮಗೆ ಸಂಕೋಚ ಅಂತಾನೂ ಗೊತ್ತಿತ್ತು. ಅದಕ್ಕೇ ನಿಮಗೋಸ್ಕರ ಬರೆದಿಟ್ಟು ಹೋಗಿದ್ದೆ."

ನಂಜುಂಡಯ್ಯ ಆ ಸಾಲನ್ನು ಇನ್ನೊಮ್ಮೆ ಓದಿದರು. ಬೇಕಾಗಿದ್ದ ಪಾಠ ಅವರ ಎದುರಿಗೇ ಇತ್ತು. ಅದನ್ನೇ ಒರೆಸಿ, ಪೆಟ್ಟಿಗೆ ಹೊತ್ತುಕೊಂಡು ಹೋಗಿದ್ದರು. ರಾಧಾಮಣಿಗೂ ತನ್ನ ನಿಯಮದ ಹೆಮ್ಮೆ ಅಲ್ಲೇ ಇಳಿಯಿತು. ಗೊತ್ತಿಲ್ಲ ಎನ್ನಲು ಜಾಗವೇ ಬಿಡದ ನಿಯಮ ಮಾಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಗಂಗರಾಜು ದೂರಿನ ಹಾಳೆಯನ್ನು ನಾಲ್ಕು ಚೂರು ಮಾಡಿದರು. "ಸಾನಾ, ವಿಚಾರಿಸದೆ ಅಂದ್ಬುಟ್ಟೆ. ನಂದೂ ತಪ್ಪಾಯ್ತು. ಮೇಷ್ಟ್ರೆ, ಇದನ್ನ ಇಲ್ಲಿಗೇ ಮುಚ್ಚಾಕಾವ. ನೀವು ಮನೆಗೋಗಿ, ಪಾಠ ಬ್ಯಾರೆ ಯಾರಾದ್ರೂ ಮಾಡ್ತಾರೆ."

"ಬೇಡ ಸರ್," ಎಂದಳು ಸಾನಾ. "ಸರದಿ ಅವರದು. ಅವರೇ ಮಾಡ್ಲಿ. ನಾನು ಬರೆದಿದ್ದನ್ನ ಅವರು ಒರೆಸಿದ್ದಾರೆ. ಮೊದಲು ಅದನ್ನ ಬರೀಲಿ."

ಸೀಮೆಸುಣ್ಣದ ತುಂಡೊಂದನ್ನು ಅವರ ಕೈಗಿಟ್ಟಳು. ನಂಜುಂಡಯ್ಯ ಎದ್ದರು. ಫೋಟೋ ನೋಡುತ್ತ, ಒಂದೊಂದು ಸಾಲನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ, ದುಂಡನೆಯ ಅಕ್ಷರದಲ್ಲಿ ಬರೆಯತೊಡಗಿದರು. ಕೊನೆಯಲ್ಲಿ 'ಅಳಿಸಬೇಡಿ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ಹನ್ನೆರಡಕ್ಕೆ ಆರು ಶಾಲೆಗಳ ಮೇಷ್ಟ್ರುಗಳು ಬಂದು ಕುಳಿತರು. ನಂಜುಂಡಯ್ಯ ಎಲ್ಲರ ಮುಂದೆ ನಿಂತರು.

"ಪಾಠಕ್ಕೆ ಮುಂಚೆ ಒಂದು ಮಾತು," ಎಂದರು. "ನಿನ್ನೆ ನಾನು ಈ ಪ್ರೊಜೆಕ್ಟರ್ ಕದ್ದು ಮನೆಗೆ ತಗೊಂಡೋಗಿದ್ದೆ. ತಪ್ಪು ಸಾನಾ ಮಿಸ್ ಮೇಲೆ ಬಂತು. ನಾನು ಸುಮ್ಕಿದ್ದೆ. ಇದು ನಿಮ್ಗೆಲ್ಲ ಗೊತ್ತಿರ್ಲಿ."

 ಅವರು ಬೆವರಿದ ಕೈಯಲ್ಲೇ ವೈರ್ ಜೋಡಿಸಿದರು, ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಎರಡನ್ನೂ ಆನ್ ಮಾಡಿದರು. ಗೋಡೆ ನೀಲಿಯಾಯಿತು, ಬರೀ ನೀಲಿ. ಸಾನಾ ಏಳಲು ಹೊರಟಳು. ರಾಧಾಮಣಿ ಅವಳ ಕೈ ಹಿಡಿದು ಕೂರಿಸಿದಳು. ಮೇಷ್ಟ್ರು ಹಲಗೆ ನೋಡಿದರು, ಬಟನ್ ಹುಡುಕಿದರು, ಒತ್ತಿದರು.

ಗೋಡೆಯ ಮೇಲೆ ಚಿತ್ರ ಬಂತು. ಮೊದಲು ಚಪ್ಪಾಳೆ ತಟ್ಟಿದವನು ಶಿವರಾಜು.

ಪಾಠ ಮುಗಿದು ಎಲ್ಲರೂ ಎದ್ದಾಗ ನಂಜುಂಡಯ್ಯನವರ ಕೈ ತಾನಾಗೇ ಡಸ್ಟರಿನ ಕಡೆ ಹೋಯಿತು. ಎತ್ತಿದರು, ಮೇಲಿನ ಅಂಚಿಗೆ ಇಟ್ಟರು. ಅಲ್ಲೇ ನಿಂತು ಒಂದನೇ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿಕೊಂಡರು. ಆಮೇಲೆ ಡಸ್ಟರನ್ನು ಸಾನಾಳ ಮೇಜಿನ ಮೇಲಿಟ್ಟು, ಹಲಗೆಯನ್ನು ಹಾಗೇ ಬಿಟ್ಟು ಹೊರಗೆ ನಡೆದರು.